ಪ್ಲೇಸ್ಟೇಷನ್ 5ಕ್ಕೆ ಮಾನಿಟರ್: ಚುರುಕು ನೋಡಬೇಕೋ, ಚಿತ್ರ ನೋಡಬೇಕೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯವರು ಧಾರಾವಾಹಿ ನೋಡುವ ಹೊತ್ತಿನಲ್ಲೇ ನನಗೂ ಬಿಡುವಾಗುವುದರಿಂದ, ಹಾಲ್‌ನ ಟಿವಿಯನ್ನು ಅವರಿಗೆ ಬಿಟ್ಟು, ಪ್ಲೇಸ್ಟೇಷನ್ 5 ಅನ್ನು ನನ್ನ ಕೋಣೆಯ ಮೇಜಿಗೆ ತರಬೇಕೆಂದಿದ್ದೇನೆ. ವಾರವಿಡೀ ಗೆಳೆಯರೊಂದಿಗೆ ಆನ್‌ಲೈನ್ ಶೂಟಿಂಗ್ ಆಟಗಳನ್ನು ಆಡುತ್ತೇನೆ. ಭಾನುವಾರ ರಾತ್ರಿ ದೀಪ ಆರಿಸಿ ಕಥಾಪ್ರಧಾನ ಆಟಗಳನ್ನು ಆಡುತ್ತೇನೆ. ಬಟನ್ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣಬಾರದು, ಚಿತ್ರ ಮಂಕಾಗಿಯೂ ಇರಬಾರದು. 27 ಇಂಚಿನ ಎರಡು ಮಾನಿಟರ್‌ಗಳನ್ನು ನೋಡಿಟ್ಟಿದ್ದೇನೆ: ಒಂದು 1440ಪಿ, 165 ಹರ್ಟ್ಸ್‌ನ ಐಪಿಎಸ್, ಪೆಟ್ಟಿಗೆಯ ಮೇಲೆ ‘1 ಮಿಲಿಸೆಕೆಂಡ್’ ಎಂದಿದೆ, ಇನ್ನೊಂದು 4ಕೆ, 60 ಹರ್ಟ್ಸ್‌ನ ವಿಎ. (1440ಪಿ, 4ಕೆ ಎಂದರೆ ಚಿತ್ರ ಎಷ್ಟು ಸೂಕ್ಷ್ಮ ಎಂಬುದು, 4ಕೆ ಹೆಚ್ಚು ಸೂಕ್ಷ್ಮ; ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದು; ಐಪಿಎಸ್, ವಿಎ ಎಲ್‌ಸಿಡಿ ಪರದೆಯ ಎರಡು ಬಗೆಗಳು.) ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದನ್ನು ಕೊಳ್ಳಲಿ?

ಉತ್ತರ 1:
ಆ 1 ಮಿಲಿಸೆಕೆಂಡ್ ಇನ್‌ಪುಟ್ ಲ್ಯಾಗ್ ಅಲ್ಲ. ಅದು ಪಿಕ್ಸೆಲ್ ಬಣ್ಣ ಬದಲಿಸಲು ತೆಗೆದುಕೊಳ್ಳುವ ಸಮಯ, ಅಂದರೆ ರೆಸ್ಪಾನ್ಸ್ ಟೈಮ್. ಅದೂ ಓವರ್‌ಡ್ರೈವ್ ಅನ್ನು (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ಅತಿಯಾಗಿ ಏರಿಸಿದಾಗ ಸಿಗುವ ಅಂಕಿಯಾಗಿರುವುದೇ ಹೆಚ್ಚು, ಆಗ ಓಡುವ ವಸ್ತುಗಳ ಅಂಚಿನಲ್ಲಿ ಬಿಳಿಯ ನೆರಳು ಮೂಡುತ್ತದೆ. ಇನ್‌ಪುಟ್ ಲ್ಯಾಗ್ ಎಂದರೆ ಕನ್ಸೋಲ್ ಕಳಿಸಿದ ಚಿತ್ರ ಪರದೆಗೆ ಬರುವವರೆಗಿನ ವಿಳಂಬ. ಟಿವಿಗಳು ಚಿತ್ರವನ್ನು ತಿದ್ದಿ ತೀಡಲು ಸಮಯ ತೆಗೆದುಕೊಳ್ಳುವುದರಿಂದಲೇ ಅವುಗಳಲ್ಲಿ ಗೇಮ್ ಮೋಡ್ ಬೇಕಾಗುತ್ತದೆ. ಮಾನಿಟರ್‌ಗಳಲ್ಲಿ ಆ ಕೆಲಸ ಕಡಿಮೆ. ಉಳಿಯುವ ದೊಡ್ಡ ವ್ಯತ್ಯಾಸ ಹರ್ಟ್ಸ್‌ನದು: 60ರಲ್ಲಿ ಒಂದು ಫ್ರೇಮ್‌ಗೆ, ಅಂದರೆ ಒಂದು ಚಿತ್ರಕ್ಕೆ, 16.7 ಮಿಲಿಸೆಕೆಂಡ್, 120ರಲ್ಲಿ 8.3. ಕನ್ಸೋಲ್ 120ಕ್ಕಿಂತ ಮೇಲೆ ಹೋಗದ ಕಾರಣ 165ಕ್ಕೆಂದು ಹೆಚ್ಚು ಹಣ ಕೊಡಬೇಡಿ. ನೀವು ಆಡುವ ಶೂಟಿಂಗ್ ಆಟದಲ್ಲಿ 120 ಫ್ರೇಮ್‌ನ ಆಯ್ಕೆ ಇದೆಯೇ ಎಂಬುದನ್ನು ಮೊದಲು ನೋಡಿ. ಇದ್ದರೆ ನನ್ನ ಮತ ಐಪಿಎಸ್‌ಗೆ.

ಉತ್ತರ 2:
ಮೇಲಿನವರ ಮಾತು ಸರಿ. ಪ್ಲೇಸ್ಟೇಷನ್ 5ಕ್ಕೆ 1440ಪಿ ಬೆಂಬಲ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ; 1440ಪಿ, 120 ಹರ್ಟ್ಸ್‌ಗೆ ಎಚ್‌ಡಿಎಂಐ (ಕನ್ಸೋಲ್ ಅನ್ನು ಪರದೆಗೆ ಜೋಡಿಸುವ ಸಂಪರ್ಕ) 2.0 ಸಾಕು. ವಿಆರ್‌ಆರ್, ಅಂದರೆ ಆಟದ ಫ್ರೇಮ್‌ಗಳ ವೇಗಕ್ಕೆ ತಕ್ಕಂತೆ ಪರದೆಯ ಹರ್ಟ್ಸ್ ತಾನೇ ಬದಲಾಗುವ ಸೌಲಭ್ಯ, ಬೇಕೆಂದರೆ ಮಾತ್ರ ಎಚ್ಚರವಿರಲಿ. ಇದೇ ಕೆಲಸ ಮಾಡುವ ಇನ್ನೊಂದು ತಂತ್ರವಾದ ‘ಫ್ರೀಸಿಂಕ್’ನ ಸ್ಟಿಕ್ಕರ್ ನಂಬಿ ನಾನು ಒಂದು ಮಾನಿಟರ್ ತಂದೆ, ಕನ್ಸೋಲ್‌ನಲ್ಲಿ ವಿಆರ್‌ಆರ್ ಆಯ್ಕೆ ತೆರೆಯಲೇ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಫ್ರೀಸಿಂಕ್ ಅನ್ನು ಒಪ್ಪುತ್ತದೆ, ಪ್ಲೇಸ್ಟೇಷನ್ 5 ಒಪ್ಪುವುದು ಎಚ್‌ಡಿಎಂಐ 2.1ರ ವಿಆರ್‌ಆರ್ ಅನ್ನು ಮಾತ್ರ.

ಉತ್ತರ 3:
ಇಬ್ಬರೂ ನಿಮ್ಮ ಭಾನುವಾರದ ರಾತ್ರಿಯನ್ನು ಮರೆತಿದ್ದಾರೆ. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿ ಮತ್ತು ಕಪ್ಪಿನ ಬೆಳಕಿನ ಅನುಪಾತ) ಸಾಮಾನ್ಯವಾಗಿ 1000:1ರ ಆಸುಪಾಸು, ವಿಎಯದು 3000:1ರ ಆಸುಪಾಸು. ದೀಪ ಆರಿಸಿದ ಕೋಣೆಯಲ್ಲಿ ಐಪಿಎಸ್‌ನ ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿದ್ದು ಎದ್ದು ಕಾಣುತ್ತದೆ, ಗುಹೆಯೊಳಗಿನ ದೃಶ್ಯದ ಆಳವೇ ಹೋಗಿಬಿಡುತ್ತದೆ. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲ ದೃಶ್ಯ ವೇಗವಾಗಿ ಸರಿದಾಗ ಕಪ್ಪು ಮಸಿ ಎಳೆದಂತಾಗುತ್ತದೆ, ಶೂಟಿಂಗ್ ಆಟದಲ್ಲಿ ಇದು ನಿಜವಾದ ತೊಂದರೆ. ‘ಎಚ್‌ಡಿಆರ್ 400’ ಎಂಬ ಚೀಟಿ ನೋಡಿ ಮರುಳಾಗಬೇಡಿ; ಎಚ್‌ಡಿಆರ್ ಎಂದರೆ ಒಂದೇ ಚಿತ್ರದಲ್ಲಿ ಗಾಢ ಕಪ್ಪನ್ನೂ ಪ್ರಖರ ಬೆಳಕನ್ನೂ ತೋರಿಸುವುದು. ಪರದೆಯ ಹಿಂದಿನ ಬೆಳಕು (ಬ್ಯಾಕ್‌ಲೈಟ್) ಭಾಗಭಾಗವಾಗಿ ಮಂದವಾಗದ ಪರದೆಯಲ್ಲಿ ಎಚ್‌ಡಿಆರ್ ಹೆಸರಿಗಷ್ಟೇ. ಚುರುಕು, ಗಾಢ ಕಪ್ಪು ಎರಡೂ ಬೇಕೆಂದರೆ ಒಎಲ್‌ಇಡಿ, ಅಂದರೆ ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ. ಆದರೆ ಬೆಲೆ ಬಹಳ, ಪರದೆಯ ಮೂಲೆಯಲ್ಲಿ ಸದಾ ನಿಂತಿರುವ ಮ್ಯಾಪ್ ಮತ್ತು ಸ್ಕೋರ್ ಅಚ್ಚೊತ್ತಿ ಉಳಿಯುವ ಭಯವೂ ಇದೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದ. ನನ್ನ ಶೂಟಿಂಗ್ ಆಟದಲ್ಲಿ 120 ಫ್ರೇಮ್‌ನ ಆಯ್ಕೆ ಇದೆ, ಹಾಗಾಗಿ ಐಪಿಎಸ್ ಕೊಳ್ಳುತ್ತೇನೆ. ಭಾನುವಾರ ಕೋಣೆಯನ್ನು ಪೂರ್ತಿ ಕತ್ತಲೆ ಮಾಡದೆ, ಮಾನಿಟರ್‌ನ ಹಿಂದೆ ಗೋಡೆಗೆ ಬೆಳಕು ಬೀಳುವಂತೆ ಸಣ್ಣ ದೀಪವೊಂದನ್ನು ಇಟ್ಟು ನೋಡುತ್ತೇನೆ. ನಾಳೆ ಅಂಗಡಿಗೆ ಕನ್ಸೋಲ್ ಅನ್ನೇ ಒಯ್ದು, ಜೋಡಿಸಿ ನೋಡಿದ ಮೇಲೆಯೇ ಹಣ ಕೊಡುತ್ತೇನೆ.