ಒಂದೇ ಚಿತ್ರ ತೋರಿಸಿದರೂ ಮೆದುಳಿನ ಸ್ಕ್ಯಾನ್ ಪ್ರತಿ ಸಲ ಬೇರೆ ಯಾಕೆ?

ಸಪ್ತಾಪುರದವಳು:
ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ನೆಟ್‌ನಲ್ಲಿ ಸಿಗುವ ಡೇಟಾ ತಗೊಂಡಿದ್ದೇನೆ, ಇಇಜಿ (ತಲೆಯ ಮೇಲಿಂದ ಅಳೆಯುವ ಮೆದುಳಿನ ವಿದ್ಯುತ್ ಅಲೆ), ಎಫ್‌ಎಂಆರ್‌ಐ (ಮೆದುಳಿನ ರಕ್ತದ ಬದಲಾವಣೆ ತೋರಿಸುವ ಸ್ಕ್ಯಾನ್) ಎರಡೂ ಒಟ್ಟಿಗೇ ತೆಗೆದದ್ದು. ಅದೇ ಮನುಷ್ಯ, ಅದೇ ಚೆಸ್ ಬೋರ್ಡ್ ಚಿತ್ರ. ಆದರೂ ದೃಷ್ಟಿ ಭಾಗದ ಸಿಗ್ನಲ್ ಒಮ್ಮೆ ಜೋರಾಗಿ ಏಳುತ್ತದೆ, ಇನ್ನೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಅದೆಲ್ಲ ನಾಯ್ಸ್, ಸರಾಸರಿ ತೆಗೆದು ಬಿಡು ಅಂತಾರೆ ಗೆಳತಿಯರು. ನನಗೆ ಸಮಾಧಾನ ಇಲ್ಲ. ಇಇಜಿಯಲ್ಲಿ ಕಾಣುವ ಆಲ್ಫಾ ಅಲೆಗೂ ಇದಕ್ಕೂ ಸಂಬಂಧ ಇದೆಯಾ?

ಗದಗಿನವ:
ಇದೆ. ಸರಾಸರಿ ತೆಗೆಯುವವರು ಚಿತ್ರ ಬರುವ ಮೊದಲು ಮೆದುಳು ಸುಮ್ನೆ ಕೂತಿತ್ತು ಅಂದುಕೊಂಡಿರುತ್ತಾರೆ. ಅದು ಯಾವತ್ತು ಸುಮ್ನೆ ಕೂತಿದೆ ಹೇಳಿ! ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ವಿಶ್ರಾಂತಿಯಲ್ಲೇ ಶೇ 20ರಷ್ಟು ಶಕ್ತಿ ತಿನ್ನುತ್ತದೆ. ಆಲ್ಫಾ ಅಂದರೆ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಏಳುವ ಅಲೆ, ಮನುಷ್ಯರ ಇಇಜಿ ಮೊದಲು ದಾಖಲಿಸಿದ ಹ್ಯಾನ್ಸ್ ಬರ್ಗರ್ 1929ರಲ್ಲೇ ಇದರ ಬಗ್ಗೆ ಬರೆದಿದ್ದರು. ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ದೊಡ್ಡದಾಗುತ್ತದೆ. ಚಿತ್ರವೇ ಇಲ್ಲದಾಗಲೂ, ಆಲ್ಫಾ ಏರಿದರೆ ದೃಷ್ಟಿ ಭಾಗದ ಬೋಲ್ಡ್ ಸಿಗ್ನಲ್ (ಎಫ್‌ಎಂಆರ್‌ಐ ಅಳೆಯುವುದು ಇದನ್ನೇ) ಸಾಮಾನ್ಯವಾಗಿ ಇಳಿಯುತ್ತದೆ. ನಿಮ್ಮ ಚಿತ್ರದ ಉತ್ತರ ಈ ಏರಿಳಿತದ ಮೇಲೆ ಬಂದು ಕೂರುತ್ತದೆ. 1996ರಲ್ಲಿ ಏರಿಯೆಲಿ ಎಂಬ ಸಂಶೋಧಕರ ತಂಡ ಬೆಕ್ಕಿನ ಮೆದುಳಿನಲ್ಲಿ ಇದನ್ನೇ ನೋಡಿತ್ತು: ಮೊದಲೇ ನಡೆಯುತ್ತಿದ್ದ ಚಟುವಟಿಕೆಗೆ ಸರಾಸರಿ ಉತ್ತರ ಕೂಡಿಸಿದರೆ ಆ ಸಲದ ಉತ್ತರ ಹೆಚ್ಚುಕಡಿಮೆ ಸಿಕ್ಕಿಬಿಡುತ್ತಿತ್ತು. ಕೂಡಿಸುವುದು, ಅಷ್ಟೇ.

ಹಳೇ ಹುಬ್ಬಳ್ಳಿ:
ಅಷ್ಟೇ ಅಂದ್ರೆ ಹೆಂಗ ತಮ್ಮಾ? ಸಂಜೆ ನಮ್ಮ ದುರ್ಗದ ಬೈಲಿನ ಪೇಟೆಯಲ್ಲಿ ಯಾರೋ ಕೂಗಿದರೆ ಆ ಕೂಗು ಗದ್ದಲಕ್ಕೆ ಕೂಡುತ್ತದೆ, ಸರಿ. ಆ ಕೂಗಿಗೆ ಗದ್ದಲವೇ ಅಡಗಿಬಿಟ್ಟರೆ? ಚಿತ್ರ ಕಂಡ ಕೂಡಲೇ ಆಲ್ಫಾ ಕುಗ್ಗುತ್ತದೆ. ಮೊದಲು ದೊಡ್ಡದಿದ್ದರೆ ಕುಗ್ಗಲು ಜಾಗ ಜಾಸ್ತಿ, ಚಿಕ್ಕದಿದ್ದರೆ ಕಡಿಮೆ. ಆಗ ಬರೀ ಕೂಡಿಸುವ ಲೆಕ್ಕ ನಡೆಯುವುದಿಲ್ಲ. ಮೇಲಾಗಿ ಬೋಲ್ಡ್ ಅಳೆಯುವುದು ರಕ್ತದ ಆಮ್ಲಜನಕದ ಬದಲಾವಣೆಯನ್ನು, ಅದು ತುದಿ ಮುಟ್ಟಲು 5-6 ಸೆಕೆಂಡ್ ಬೇಕು. ಹಾಗಾಗಿ ಚಿತ್ರಕ್ಕೆ ಮುಂಚಿನ ಆಲ್ಫಾದ ಪರಿಣಾಮವೂ ಚಿತ್ರದ ಉತ್ತರವೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ.

ಸಪ್ತಾಪುರದವಳು:
ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಹಳೇ ಹುಬ್ಬಳ್ಳಿ:
ಪ್ರತಿ ಚಿತ್ರಕ್ಕೆ ಮುಂಚಿನ ಒಂದು ಸೆಕೆಂಡಿನ ಆಲ್ಫಾ ಅಳೆದು ಜಾಸ್ತಿ, ಕಡಿಮೆ ಅಂತ ಎರಡು ಗುಂಪು ಮಾಡಿ, ಎರಡರ ಬೋಲ್ಡ್ ಹೋಲಿಸಿ. ಚಿತ್ರ ತೋರಿಸದ ಹೊತ್ತಿನಲ್ಲೂ ಅದೇ ವಿಂಗಡಣೆ ಮಾಡಿ, ಅಲ್ಲಿ ಸಿಕ್ಕ ವ್ಯತ್ಯಾಸವನ್ನು ಇದರಿಂದ ಕಳೆಯಿರಿ, ಇದನ್ನು ಮಾತ್ರ ಬಿಡಬೇಡಿ. ಉಸಿರು, ನಾಡಿ ಕೂಡ ಬೋಲ್ಡನ್ನು ಅಲುಗಿಸುತ್ತವೆ, ರೆಕಾರ್ಡ್ ಇದ್ದರೆ ಬಳಸಿ.

ಗದಗಿನವ:
ಒಪ್ಪಿದೆ. ಆದರೆ ಆಲ್ಫಾ ಕಡಿಮೆ ಅಂದ ಮಾತ್ರಕ್ಕೆ ಎಚ್ಚರ ಅಂದುಕೊಳ್ಳಬೇಡಿ. ನಿದ್ದೆಗೆ ಜಾರುವಾಗಲೂ ಅದು ಮಾಯವಾಗುತ್ತದೆ, ಸ್ಕ್ಯಾನರ್‌ನಲ್ಲಿ ಮಲಗಿದವರು ತೂಕಡಿಸುವುದು ಮಾಮೂಲು. ಥೀಟಾ (ಆಲ್ಫಾಗಿಂತ ನಿಧಾನದ, ತೂಕಡಿಸುವಾಗ ಏರುವ ಅಲೆ) ಏರಿದೆಯಾ ನೋಡಿ, ಏರಿದ್ದರೆ ಆ ಭಾಗ ಬೇರೆ ಇಡಿ.