ಅಪ್‌ಡೇಟ್: ಸ್ಕ್ಯಾನ್‌ನಲ್ಲಿ ಸಿಕ್ಕ ಮೂರು ಗುರುತಿಲ್ಲದ ಫೈಲ್

ಕಲಬುರಗಿಯ ತೊಗರಿಬೇಳೆ ಅಂಗಡಿಯ ವರ್ಡ್‌ಪ್ರೆಸ್ ಸೈಟಿನಲ್ಲಿ ಸ್ಕ್ಯಾನ್ ತೋರಿಸಿದ ಮೂರು ಫೈಲ್ ಅಳಿಸಬಹುದಾ ಅಂತ ಕೇಳಿದ್ದೆ. ಉತ್ತರ ಮೂರಕ್ಕೂ ಬೇರೆ ಬೇರೆ.

ಎರರ್ ಲಾಗ್ ಬರೀ ಪಿಎಚ್‌ಪಿ (ಸೈಟ್ ನಡೆಸುವ ಕೋಡ್ ಭಾಷೆ) ದೋಷಗಳ ದಾಖಲೆ, ಓದಿ ಅಳಿಸಿದರಾಯ್ತು.

ವರ್ಡ್‌ಫೆನ್ಸ್-ವಾಫ್ ಫೈಲ್, ತೆಗೆದುಹಾಕಿದ ಹಳೇ ವರ್ಡ್‌ಫೆನ್ಸ್ ಪ್ಲಗಿನ್ (ಸೈಟಿಗೆ ಸೇರಿಸುವ ಕಾವಲು ತಂತ್ರಾಂಶ) ಬಿಟ್ಟುಹೋದದ್ದು. ಸೀದಾ ಅಳಿಸೀರಿ ಜೋಕೆ! 'ಡಾಟ್ ಯೂಸರ್ ಡಾಟ್ ಐಎನ್‌ಐ' ಎಂಬ ಪಿಎಚ್‌ಪಿ ಸೆಟ್ಟಿಂಗ್ ಫೈಲಿನ 'ಆಟೋ ಪ್ರಿಪೆಂಡ್' ಸಾಲು ಪ್ರತಿ ಪುಟಕ್ಕೂ ಮೊದಲು ಅದನ್ನೇ ಹುಡುಕುತ್ತದೆ. ಸಿಗದಿದ್ದರೆ ಇಡೀ ಸೈಟ್ ಬಂದ್. ಮೊದಲು ಆ ಸಾಲು ತೆಗೆದು 5 ನಿಮಿಷ ಕಾಯಬೇಕು (ಪಿಎಚ್‌ಪಿ ಅದನ್ನು 300 ಸೆಕೆಂಡು ನೆನಪಿಟ್ಟಿರುತ್ತದೆ), ಆಮೇಲೆ ಫೈಲ್ ಅಳಿಸಬೇಕು.

ನಿಜವಾದ ಕಳ್ಳ ಅಪ್‌ಲೋಡ್ಸ್ ಫೋಲ್ಡರಿನಲ್ಲಿತ್ತು. ಫೋಟೋ ಇಡುವ ಜಾಗದಲ್ಲಿ ಪಿಎಚ್‌ಪಿ ಫೈಲು, ಒಳಗೆ ಬೇಸ್64 (ಕೋಡನ್ನು ಓದಲಾಗದ ಅಕ್ಷರಗಳಾಗಿ ಬರೆಯುವ ರೀತಿ) ಬಿಚ್ಚಿ, ಕೊಟ್ಟ ಪಠ್ಯವನ್ನು ಕೋಡ್ ಆಗಿ ಓಡಿಸುವ 'ಇವಾಲ್'ಗೆ ಕೊಡುವ ಒಂದೇ ಉದ್ದ ಸಾಲು. ಅಳಿಸಿ, ಎಲ್ಲ ಪಾಸ್‌ವರ್ಡ್, ಸಾಲ್ಟ್ ಕೀ (ಲಾಗಿನ್ ಭದ್ರವಾಗಿಡುವ ಗುಪ್ತ ಅಕ್ಷರಗಳು) ಬದಲಾಯಿಸಿದ್ದಾಯ್ತು.