ಸಾಕೆಟ್ ಸೆಟ್ಟೋ, ಗೋಟಿ ಪಾನಾವೋ?

ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಮನೆಯ ಸಣ್ಣಪುಟ್ಟ ರಿಪೇರಿ ಕುರಿತು ನಮ್ಮ ಓಣಿಯ ಹೆಣ್ಣುಮಕ್ಕಳಿಗಾಗಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಕಡಿಮೆ ಬೆಲೆಯ ಸಾಕೆಟ್ ಸೆಟ್ (ನಟ್ಟಿನ ಮೇಲೆ ಕೂಡುವ ಬಟ್ಟಲಿನಂಥ ತುಂಡುಗಳು, ಅವನ್ನು ತಿರುಗಿಸುವ ಹಿಡಿಕೆ) ಆರಿಸುವ ಭಾಗಕ್ಕೆ ಬಂದಾಗ ಲೇಖನಿ ನಿಂತಿತು. ಮೊದಲು ನಾನೇ ಒಂದು ಕೊಂಡುಕೊಂಡು ನೋಡೋಣ ಎಂದು ಹುಬ್ಬಳ್ಳಿಯ ಅಂಗಡಿಗೆ ಹೋದೆ.

"ಸಾಕೆಟ್ ಸೆಟ್ ಕೊಡ್ರಿ."

"ಚೈನ್ ಸಾಕೆಟ್ಟೇನ್ರಿ ಅಕ್ಕಾರ? ಯಾವ ಗಾಡೀಗೆ?"

"ಅಲ್ರೀ, ನಟ್ ಬಿಚ್ಚೂದು."

"ಹಂಗಂದ್ರ ಗೋಟಿ ಪಾನಾ ಅನ್ರಿ ಮತ್ತ!"

ಅವರ ತಪ್ಪೇನೂ ಇಲ್ಲ. ಬೈಕಿನ ಚೈನು ತಿರುಗಿಸುವ ಹಲ್ಲಿನ ಗಾಲಿ ಸ್ಪ್ರಾಕೆಟ್. ಅದು ಬಾಯಿಂದ ಬಾಯಿಗೆ ಸವೆದು ಸಾಕೆಟ್ ಆಗಿದೆ. ಪಕ್ಕದ ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಸಾಕೆಟ್ ಎಂದರೆ ಪ್ಲಗ್ ಚುಚ್ಚುವ ಜಾಗ. ನಳದ ಸಾಮಾನು ಮಾರುವವರಲ್ಲಿ ಎರಡು ಪೈಪು ಕೂಡಿಸುವ ತುಂಡು. ಹೀಗೆ ಮೂರು ಕಡೆ ಮೂರು ಅರ್ಥಕ್ಕೆ ಆಗಲೇ ದುಡಿಯುತ್ತಿರುವ ಪದವನ್ನು ನಾಲ್ಕನೆಯದಕ್ಕೂ ಯಾಕೆ ಹಚ್ಚಬೇಕು? ಗೋಟಿ ಎಂದರೆ ಮಾತ್ರ ಅಂಗಡಿಯವರ ಕೈ ನೆಟ್ಟಗೆ ಆ ಪೆಟ್ಟಿಗೆಗೇ ಹೋಗುತ್ತದೆ. ಬೆಂಗಳೂರು ಕಡೆಯವರ ಸ್ಪ್ಯಾನರ್ ನಮ್ಮಲ್ಲಿ ಪಾನಾ; ರಿಂಗ್ ಪಾನಾ, ಟಿ ಪಾನಾ, ಗೋಟಿ ಪಾನಾ ಎಲ್ಲ ಒಂದೇ ಬಳಗ.

ಪಾನಾ ಮರಾಠಿಯಲ್ಲೂ ಹಿಂದಿಯಲ್ಲೂ ಇದೆ. ಮರಾಠಿಯಲ್ಲಿ ಗೋಟಿ ಎಂದರೆ ಮಕ್ಕಳು ಆಡುವ ಗೋಲಿ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಈ ಸೀಮೆಗೆ ಇಂಥ ಪದಗಳು ಹೊಸವಲ್ಲ. ಶಿರಸಿ ಕಡೆಯ ಗೋಟಡಿಕೆಗೂ (ಒಣಗಿಸಿದ ಇಡಿ ಅಡಿಕೆ) ಇದಕ್ಕೂ ನಂಟು ಹಚ್ಚುವವರು ಓದುವ ನಿಮ್ಮಲ್ಲಿ ಇದ್ದೇ ಇರುತ್ತೀರಿ. ನನಗೆ ಒಪ್ಪಿಗೆಯಿಲ್ಲ. ಪಾನಾ ಜೊತೆ ಕೈಹಿಡಿದು ಬಂದದ್ದು ಪಾನಾ ಬಂದ ದಾರಿಯಿಂದಲೇ ಬಂದಿರಬೇಕು.

ನನ್ನ ನಿಜವಾದ ತೊಡಕು ಅಳತೆಯ ಮಾತಿನಲ್ಲಿದೆ. "ಅರ್ಧ ಇಂಚಿ ಗೋಟಿ ಸೆಟ್" ಎಂದಾಗ ಆ ಅರ್ಧ ಇಂಚು ನಟ್ಟಿನದಲ್ಲ, ಹಿಡಿಕೆಯ ತುದಿಯಲ್ಲಿ ಗೋಟಿ ಸಿಕ್ಕಿಸುವ ಚೌಕದ್ದು, ಅಂದರೆ 12.7 ಮಿ.ಮೀ. ನಟ್ಟಿನ ಅಳತೆ ಮಾತ್ರ ಮಿಲಿಮೀಟರಿನಲ್ಲಿ. ಒಂದೇ ಸಾಮಾನಿಗೆ ಹಿಂದೆ ಇಂಚು, ಮುಂದೆ ಮಿಲಿಮೀಟರು! ತಿಳಿಯದೆ ನಾನು ಮೊದಲ ಸಲ ಅರ್ಧ ಇಂಚಿನದನ್ನೇ ತಂದೆ. ಮಿಕ್ಸರಿನ ಕೆಳಗಿನ ಸಣ್ಣ ನಟ್ಟಿಗೆ ಅದು ಒನಕೆ ಹಿಡಿದು ಸಾಸಿವೆ ಕುಟ್ಟಿದಂತಾಯಿತು. ಅಂಥ ಕೆಲಸಕ್ಕೆ ಕಾಲು ಇಂಚಿನ ಚೌಕ ಸಾಕು. ಸ್ಕೂಟರಿಗೂ ಬೇಕೆಂದರೆ ನಡುವಿನದು ಮೂರು ಸೂತಿನದು, ಎಂಟು ಸೂತಿಗೆ ಒಂದು ಇಂಚಿನ ಲೆಕ್ಕದಲ್ಲಿ. ಪುಟದಲ್ಲಿ "ಕಾಲು ಇಂಚಿ ಚೌಕದ ಗೋಟಿ" ಎಂದೇ ಬರೆದಿದ್ದೇನೆ. ಚೌಕ ಎನ್ನದಿದ್ದರೆ ಓದಿದವರೂ ನನ್ನ ಹಾಗೆಯೇ ಒನಕೆ ತರುತ್ತಾರೆ.

ಇನ್ನೊಂದು, ಗೋಟಿಯ ಒಳಗಿನ ಮೂಲೆಗಳು. ಆರು ಮೂಲೆಯದಕ್ಕೆ ಅಂಗಡಿಯಲ್ಲಿ ಹೆಕ್ಸ್, ಹನ್ನೆರಡು ಮೂಲೆಯದಕ್ಕೆ ಬೈಹೆಕ್ಸ್ ಎನ್ನುತ್ತಾರೆ. ಹನ್ನೆರಡರದು ಬೇಗ ಕೂಡುತ್ತದೆ ನಿಜ, ಆದರೆ ನಟ್ಟಿನ ಮೂಲೆಗೆ ತೀರ ಹತ್ತಿರ ಒತ್ತುತ್ತದೆ. ಜಂಗು ಹಿಡಿದ ನಟ್ಟು, ಮೇಲೆ ಅಗ್ಗದ ಗೋಟಿ: ನಮ್ಮ ಮನೆಯ ನೀರಿನ ಮೋಟಾರಿನ ಒಂದು ನಟ್ಟು ಹೀಗೇ ಮೂಲೆ ಸವೆದು ಗುಂಡಗಾಯಿತು. ಕಡೆಗೆ ಕೊರೆಸಿ ತೆಗೆಸಬೇಕಾಯಿತು. ದುಡ್ಡು ಕಡಿಮೆಯಿದ್ದವರು ಆರು ಮೂಲೆಯದನ್ನೇ ಕೊಳ್ಳಲಿ ಎಂಬುದು ನನ್ನ ಖಡಾಖಡಿ ಮಾತು. "ಆರ್ಮೂಲಿ ಗೋಟಿ" ಎಂದು ಬರೆದರೆ ಅಂಗಡಿಯಲ್ಲಿ ನಡೆದೀತೇ? "ಹಲ್ಲು" ಬೇಡ, ಅದು ಒಂದು ಕಡೆಗಷ್ಟೇ ಬಿಗಿಹಿಡಿದು ತಿರುಗಿಸುವ ರ‍್ಯಾಚೆಟ್ ಹಿಡಿಕೆಯ ಒಳಗಿನದಕ್ಕೆ ಬೇಕು.

"ಪೀಸ್" ಎಂಬುದೂ ಮೋಸದ ಪದವೇ. ಪೆಟ್ಟಿಗೆಯ ಮೇಲೆ 46 ಪೀಸ್ ಎಂದಿತ್ತು. ಮನೆಗೆ ತಂದು ಎಣಿಸಿದರೆ ಗೋಟಿ 13, ಉಳಿದವು ಹೆಚ್ಚಾಗಿ ಸ್ಕ್ರೂ ತಿರುಗಿಸುವ ಬಿಟ್‌ಗಳು. ಅದಕ್ಕಿಂತ 8, 10, 12, 13, 14, 17 ಮಿ.ಮೀ. ನಟ್ಟಿನ ಬಿಡಿ ಗೋಟಿ, ಒಂದು ಹಿಡಿಕೆ, ಒಂದು ಉದ್ದನೆಯ ರಾಡು ಕೊಂಡರೆ ಮನೆಯ ಬಹಳ ಕೆಲಸ ಸಾಗುತ್ತವೆ. ಕೇಳುವಾಗ "ಹತ್ತರ ಗೋಟಿ" ಎಂದರಾಯಿತು. "ಹತ್ತು-ಹನ್ನೊಂದು" ಎಂದಿರೋ, ಎರಡು ಬಾಯಿಯ ಪಾನಾ ಕೈಗೆ ಬರುತ್ತದೆ.

ಗದಗ, ಹಾವೇರಿ, ರಾಣೆಬೆನ್ನೂರು ಕಡೆಯವರು ಹೇಳಿರಿ: ನಿಮ್ಮ ಗ್ಯಾರೇಜುಗಳಲ್ಲೂ ಗೋಟಿಯೋ, ಬಾಕ್ಸ್ ಪಾನಾವೋ? ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಬಾಯಲ್ಲಿ ಈ ಚೌಕಕ್ಕೆ ಏನು ಹೆಸರೆಂದು ಕೇಳಿ ತಿಳಿಸಿ. ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.